ಫ್ಯಾನು ಆರಿಸುವ ಪ್ರಭಾವತಿ

ಎದುರಿಗಿದ್ದವರು ಮಾತಿಗೆ ಬಾಯಿ ತೆರೆದರೆ ಸಾಕು, ಪ್ರಭಾವತಿ ಎದ್ದು ಫ್ಯಾನು ಆರಿಸುತ್ತಾಳೆ. ಹಲಸಿನ ಹಣ್ಣು ಮರದಲ್ಲೇ ಎಣ್ಣೆಯಲ್ಲಿ ಕರಿದ ಮುಳ್ಕವಾಗಿ ಉದುರುವ ಉಡುಪಿಯ ಮೇ ತಿಂಗಳಲ್ಲೂ ಈ ವ್ರತಕ್ಕೆ ಭಂಗವಿಲ್ಲ. ಅರ್ಧ ಕರಗಿ ಮನೆಗೆ ಮರಳಿದ ನೆಂಟರುಂಟು. ತಮ್ಮ ಮಾತು ಆಕೆಗೆ ಕೇಳಿಸಲಿಲ್ಲವೆಂದು ದೂರಿದವರಿಲ್ಲ.

ಮಣಿಪಾಲದ ಪುಟ್ಟ ಕಂಪೆನಿಯೊಂದರಲ್ಲಿ ಆಕೆಯ ಉದ್ಯೋಗವೂ ಅದೇ ಜಾತಿಯದು. ಮೀನುಗಾರರ ಲೈಫ್ ಜಾಕೆಟ್ಟಿನ ಭುಜಕ್ಕೊಂದು ಬಿಲ್ಲೆ. ಮನುಷ್ಯ ಕಡಲಿಗೆ ಬಿದ್ದರೆ ಅದು ಬೋಟಿನಲ್ಲಿರುವ ಪೆಟ್ಟಿಗೆಗೆ ವೈರ್‌ಲೆಸ್ಸಿನಲ್ಲಿ ಕೂಗಬೇಕು. ಬಿಲ್ಲೆ, ಪೆಟ್ಟಿಗೆ ಎರಡರಲ್ಲೂ ಬೇಕಾದ ರೇಡಿಯೊ ಅಲೆಯನ್ನಷ್ಟೇ ಒಳಬಿಟ್ಟು ಉಳಿದದ್ದನ್ನು ಬಾಗಿಲಲ್ಲೇ ತಡೆಯುವುದು ಫಿಲ್ಟರ್ ಎಂಬ ಸಾಸಿವೆಯಂಥ ಹರಳು. ಅಗ್ಗದ ಹರಳಿನಲ್ಲಿ ಕಂಪನ ಮೈಮೇಲಷ್ಟೇ ಹರಿದಾಡುತ್ತದೆ, ಬಿಸಿಲೇರಿದರೆ ಅದು ತಡೆಯುವ ಗಡಿ ಜಾರುತ್ತದೆ. ದುಬಾರಿಯದರಲ್ಲಿ ಕಂಪನ ಮೈಯೊಳಗೇ ಇಳಿಯುತ್ತದೆ, ಗಡಿ ಕದಲುವುದು ಕಡಿಮೆ. ಬೆಲೆ ಮಾತ್ರ ಮೂರು ಪಟ್ಟು.

ಕಂಪೆನಿಯ ಏ.ಸಿ. ಕೋಣೆಯ ಪರೀಕ್ಷೆಯಲ್ಲಿ ಅಗ್ಗದ್ದೇ ಪಾಸಾಯಿತು. ಅಲ್ಲಿ ತೊಡುವ ಕಂದು ಸ್ವೆಟರನ್ನು ಕಳಚಲೂ ಮರೆತು, ತುಂಬಿದ ಕೊಡ ಹೊತ್ತವಳ ನಡಿಗೆಯಲ್ಲಿ ಆಕೆ ಮೀನುಗಾರ ದೂಮಪ್ಪನ ಬೋಟು ಹತ್ತಿದಳು. ಕಾಪುವಿನ ದೀಪಸ್ತಂಭದ ಎದುರು ದೂಮಪ್ಪ ಪರೀಕ್ಷೆಗೆಂದು ಕಡಲಿಗೆ ಹಾರಿದ. ಬೋಟಿನವರೆಲ್ಲ ಫೋನು ಎತ್ತಿ ದುಬೈಯ ನೆಂಟರಿಗೆ ನೇರಪ್ರಸಾರ ಶುರುಮಾಡಿದರು. ಕಾದ ಕ್ಯಾಬಿನ್ನಿನಲ್ಲಿ ಪೆಟ್ಟಿಗೆಯ ಗಡಿ ಜಾರಿದ ಹರಳು ಫೋನುಗಳ ಗದ್ದಲವನ್ನೂ ಒಳಬಿಟ್ಟಿತು; ಬಿಲ್ಲೆಯ ಕೂಗು ಅದರಲ್ಲಿ ಮುಳುಗಿತು, ಪೆಟ್ಟಿಗೆ ಮೌನ.

“ಎಂತ ಪ್ರಭಕ್ಕ, ನಾನು ಬಿದ್ದದ್ದು ದುಬೈಗೆ ಗೊತ್ತಾಯಿತು, ನಿಮ್ಮ ಪೆಟ್ಟಿಗೆಗೆ ಗೊತ್ತಾಗಲಿಲ್ಲ ಅಲ್ವಾ?” ಎಂದ, ನೀರು ಸುರಿಸುತ್ತ ಹತ್ತಿಬಂದ ದೂಮಪ್ಪ. ಎಲ್ಲರೂ ನಕ್ಕರು. ಆಕೆ ಅವನ ಒದ್ದೆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಕಂಪೆನಿಯ ಯಜಮಾನ ರಘುವೀರ ಕಾರ್ಕಳದವನು, ಲೆಕ್ಕದಲ್ಲಿ ಅಲ್ಲಿಯ ಕಲ್ಲಿನಂಥವನು. ದುಬಾರಿ ಹರಳೇ ಬೇಕೆಂದು ಆಕೆ ಕೇಳಿದ್ದಕ್ಕೆ ಅವನೆಂದ: “ಎಲ್ಲದಕ್ಕೂ ದುಬಾರಿಯದು ಹಾಕಿದರೆ ಕೊಳ್ಳುವವರು ಯಾರುಂಟು ಅಕ್ಕ? ಅಂಗಡಿಯಲ್ಲೇ ಉಳಿದ ಬಿಲ್ಲೆ ಯಾರನ್ನು ಕಾಯ್ತದೆ?”

ಮಾತು ನಿಜ. ಪೂರ್ತಿ ಕೇಳಿಸಿಕೊಳ್ಳಲೆಂದು ಆಕೆ ಎದ್ದು ಫ್ಯಾನು ಆರಿಸಿದಳು. ಕೈ ಸ್ವಿಚ್ಚಿನ ಮೇಲೆಯೇ ನಿಂತಿತು.

“ಬಿಲ್ಲೆ ಕೂಗುವುದು ಮಾತ್ರ ಮಾರಾಯ, ಅದಕ್ಕೆ ಅಗ್ಗದ್ದು ಸಾಕು. ಕೇಳುವ ಪೆಟ್ಟಿಗೆ ಬೋಟಿಗೆ ಒಂದೇ. ಒಳ್ಳೆಯದನ್ನು ಅದಕ್ಕೆ ಹಾಕುವ,” ಎಂದಳು.

ದೂಮಪ್ಪ ಮತ್ತೆ ಹಾರಿದ. ಈ ಸಲ ಫೋನು ಎತ್ತಿರೆಂದು ಅವಳೇ ಹೇಳಿದ್ದಳು. ಪೆಟ್ಟಿಗೆ ಅರಚಿದ ರಭಸಕ್ಕೆ ಮಲ್ಪೆಯ ಮೀನು ಹರಾಜಿನ ಏಲಂಕಟ್ಟೆಯಲ್ಲಿ ಸತ್ತ ಬಂಗುಡೆಗಳೂ ಕಣ್ಣು ಮಿಟುಕಿಸಿದವಂತೆ. ಪ್ರಭಾವತಿ ಆಗ ಈ ಸಲವೂ ಮೈಮೇಲೇ ಉಳಿದಿದ್ದ ಸ್ವೆಟರು ಕಳಚಿ, ಅದರಿಂದಲೇ ದೂಮಪ್ಪನ ತಲೆ ಒರಸಿದಳು.

ಕೂಗುವವರಿಗೆ ಲೋಕದಲ್ಲಿ ಬರವಿಲ್ಲ. ಆ ಕೂಗಿಗೆ ದಾರಿ ಬಿಡಿಸಲು ತಾವು ಬೆವರುವ ಜನ ವಿರಳ; ಕಡಲಿಗೆ ಬಿದ್ದವರು ಮನೆಗೆ ಮರಳುವುದು ಇಂಥವರ ಸೆಕೆಯಿಂದ.