ಮಿಯಾ ಎಂಬ ಒಂದು ಪದ

ಸತ್ಯಮಿತ್ರ ಪಾದ್ರಿಗಳಿಗೆ ಗ್ರೀಕ್ ಬರುತ್ತದೆ ಎಂದರೆ ಗ್ರೀಕಿಗೇ ಅವಮಾನ. ಸೆಮಿನರಿಯಲ್ಲಿ ಕೆಲವು ತಿಂಗಳು ಆ ಭಾಷೆಯ ಅಂಗಳದಲ್ಲಿ ಅಡ್ಡಾಡಿ ಬಂದಿದ್ದರು, ಅಷ್ಟೆ, ಹೊಸ್ತಿಲು ದಾಟಿದವರಲ್ಲ. ಆದರೆ ಸುಳ್ಯದ ಆ ಪುಟ್ಟ ಸಭೆಯಲ್ಲಿ ಅಂಗಳವನ್ನಾದರೂ ಕಂಡವರು ಬೇರೆ ಯಾರಿದ್ದರು? ಹಾಳೂರಿಗೆ ಉಳಿದವನೇ ಗೌಡ.

ಕನ್ನಡ ನಾಡು ಒಂದಾದ ಮರುವರ್ಷ ಸಭೆಯ ಹಿರಿಯರೊಬ್ಬರು ತೀರಿಕೊಂಡರು. ಆ ಸ್ಥಾನಕ್ಕೆ ಹಂಚಿನ ಡಿಪೋದ ಗುಮಾಸ್ತ ಎಲೀಶನೇ ಆಗಲಿ ಎಂದು ಎಲ್ಲರೂ ಅಂದರು. ಎಲೀಶ ನಾಚಿಕೊಂಡಂತೆ ತಲೆ ತಗ್ಗಿಸಿದ. ವರ್ಷಗಟ್ಟಲೆ ಆಸೆಪಟ್ಟು ಕಾದವರು ಹೀಗೇ ನಾಚಿಕೊಳ್ಳುವುದು.

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು.

"ಒಂದು ತೊಡಕು ಉಂಟು. ಹಿರಿಯನಾದವನು ಏಕಪತ್ನಿಯುಳ್ಳವನಾಗಿರಬೇಕು ಅಂತ ಬೈಬಲಿನಲ್ಲಿ ಪೌಲನ ಮಾತು. ಮೂಲ ಗ್ರೀಕಲ್ಲಿ ಅಲ್ಲಿರುದು 'ಮಿಯಾ'. ಮಿಯಾ ಅಂದ್ರೆ ಒಂದು. ಒಂದು ಅಂದ್ರೆ ಒಂದೇ. ಒಂದು ಮತ್ತೆ ಇನ್ನೊಂದು ಅಲ್ಲ."

ಆ 'ಇನ್ನೊಂದು' ತಾನೇ ಎಂದು ತಿಳಿಯಲು ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಸಲೋಮಿಗೆ ಗ್ರೀಕ್ ಬೇಕಾಗಲಿಲ್ಲ. ಎಲೀಶನ ಮೊದಲ ಹೆಂಡತಿ ಲೀದ್ಯ ಹೆರಿಗೆಯಲ್ಲೇ ಹೋಗಿದ್ದಳು. ಕೂಸು ಕರುಣಾಳನ್ನು ಎತ್ತಿಕೊಂಡು ದಿಕ್ಕು ತೋಚದೆ ಕುಳಿತವನು ಸಂಪಾಜೆಯಲ್ಲಿದ್ದ ಸಲೋಮಿಯ ತವರಿಗೆ ಬಂದು ಅವಳನ್ನು ಕೇಳಿದ. ಇದೇ ಪಾದ್ರಿಗಳು, ಚರ್ಚಿನ ಇದೇ ಪವಿತ್ರ ಮೇಜಿನ ಮುಂದೆ, ಅವಳ ಕೈಯನ್ನು ಅವನ ಕೈಯಲ್ಲಿಟ್ಟು ಆಶೀರ್ವಾದ ಮಾಡಿದ್ದರು. ಆ ದಿನ ಈ ಗ್ರೀಕ್ ಎಲ್ಲಿ ಮಲಗಿತ್ತೋ!

ಸುದ್ದಿ ಬೇಲಿ ಹಾರಲು ತಡವಾಗಲಿಲ್ಲ. ಪಕ್ಕದ ಮನೆಯ ದೇವಕಿಯಮ್ಮ ಬಾವಿಕಟ್ಟೆಯಲ್ಲಿ ಕೊಡ ಇಳಿಸಿ ಕೇಳಿದರು.

"ಎಂತ ಸಲೋಮಿ, ನಿಮ್ಮ ಪುಸ್ತಕದಲ್ಲೂ ಏಕಪತ್ನೀವ್ರತ ಉಂಟಂತೆ? ಎಂತದೋ ಮಿಯಾ ಅಂತೆ. ನಾನು ಬೆಕ್ಕು ಅಂತ ಎಣಿಸಿದ್ದೆ."

"ಬೆಕ್ಕಾದ್ರೆ ಇಲಿ ಆದ್ರೂ ಹಿಡೀತಿತ್ತು, ಅಕ್ಕಾ."

ಮುಂದಿನ ವಾರ ಚರ್ಚಿನ ಮಾಡು ಸೋರಿತು. ಆ ಪವಿತ್ರ ಮೇಜಿನ ಮೇಲೆಯೇ ನೀರು. ಹಂಚು ಬೇಕು, ಡಿಪೋದಲ್ಲಿರುವವನು ಎಲೀಶ. ಪಾದ್ರಿಗಳ ಗ್ರೀಕಿಗೆ ಕೂಡಲೇ ಹೊಸ ಚಿಗುರು ಬಂತು. ಸಂಜೆ ಎಲೀಶನ ಮನೆಗೇ ಬಂದು, ನೀರುದೋಸೆಯನ್ನು ಬೆಲ್ಲ ತೆಂಗಿನಕಾಯಿಯಲ್ಲಿ ಅದ್ದುತ್ತಾ ಶುರುಮಾಡಿದರು.

"ನಾನು ಪ್ರಾರ್ಥಿಸಿ ನೋಡಿದೆ, ಎಲೀಶ. ಕರ್ತನು ಸಮಾಧಿಯಿಂದ ಎದ್ದ ದಿನ ಯಾವುದು?"

"ಆದಿತ್ಯವಾರ, ಅಯ್ಯನವರೆ."

"ವಾರದ ಮೊದಲನೆಯ ದಿನ! ಮೂಲದಲ್ಲಿ ಅಲ್ಲಿಯೂ ಅದೇ ಮಿಯಾ. ಅಂದ್ರೆ ಮಿಯಾ ಅಂದ್ರೆ ಮೊದಲನೆಯದು ಅಂತಲೂ ಆಗ್ತದೆ. ಮೊದಲನೆಯ ಪತ್ನಿಯುಳ್ಳವನು! ತೊಡಕು ಕಳೀತು. ನೀವು ಸಭೆಯ ಮುಂದೆ ಇಷ್ಟು ಹೇಳಿದ್ರೆ ಸಾಕು: ಪತ್ನಿ ಅಂತ ನನಗೆ ಇರುದು ಲೀದ್ಯ ಒಬ್ಬಳೇ, ಇವರನ್ನು ತಂದದ್ದು ಅಡಿಗೆಗೆ, ಮಗುವಿನ ಆರೈಕೆಗೆ."

'ಇವರು' ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಂಡನ ಬಾಯಿ ತೆರೆಯುವುದನ್ನು ಕಾದಳು. ಕಡೆಗೂ ತೆರೆಯಿತು.

"ಬರೆದು ಓದಬಹುದಾ ಅಯ್ಯನವರೆ? ನನಗೆ ಬಾಯಿಪಾಠ ಆಗುದಿಲ್ಲ."

ಸಲೋಮಿ ಲೋಟವನ್ನು ಕುಕ್ಕಲಿಲ್ಲ. ಪಾದ್ರಿಗಳ ಮುಂದೆ ಮೆಲ್ಲನೆ ಇಟ್ಟು ಒಳಗೆ ಹೋದಳು. ಬೈಯಬಹುದಿತ್ತು, ಬೈಗುಳಕ್ಕೂ ಎದುರಿಗೊಬ್ಬ ಮನುಷ್ಯ ಬೇಕಲ್ಲ.

ಪಾದ್ರಿಗಳು ಕೊಡೆ ಬಿಡಿಸಿ ಹೊರಟ ಮೇಲೆ ಎಲೀಶ ಅಡಿಗೆಮನೆಗೆ ಬಂದ.

"ಅದು ಬರೇ ಬಾಯಿಮಾತು, ಮಾರಾಯ್ತಿ. ಮನೆಯಲ್ಲಿ ನೀನೇ ಹೆಂಡತಿ."

"ಮನೆಯಲ್ಲಿ ಹೆಂಡತಿ, ಚರ್ಚಲ್ಲಿ ಅಡಿಗೆಯವಳು. ಡಿಪೋದಲ್ಲಿ ಎಂತ?"

"ನಾನು ಹಿರಿಯ ಆದ್ರೆ ನಿನಗೂ ಮರ್ಯಾದೆ ಅಲ್ವಾ?"

"ಓದಬೇಡಿ. ಈಗಲೇ ಹೇಳ್ತೇನೆ. ಓದಿದ್ರೆ ಅದನ್ನು ನಾನು ನಿಜ ಅಂತಲೇ ಇಟ್ಟುಕೊಳ್ಳುದು."

ಎಲೀಶ ನಕ್ಕ. ಹೆಂಗಸರ ಸಿಟ್ಟು ಒಲೆಯ ಹೊಗೆ, ಮಾಡಿನ ಸಂದಿಯಲ್ಲಿ ತಾನೇ ಹೋಗುತ್ತದೆ ಎಂದುಕೊಂಡವನ ನಗೆ ಅದು.

ಆದಿತ್ಯವಾರ ಓದಿದ. ಗಂಜಿ ಹಾಕಿ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಓದಿದ. ಗಂಜಿ ಹಾಕಿದವಳೂ ಸಲೋಮಿಯೇ. 'ಅಡಿಗೆಗೆ' ಎನ್ನುವಲ್ಲಿ ಧ್ವನಿ ಸ್ವಲ್ಪ ಇಳಿಯಿತು. 'ಆರೈಕೆಗೆ' ಎನ್ನುವಾಗ ಚೇತರಿಸಿಕೊಂಡಿತು. ಸಭೆಯವರು ಕೇಳಿದರು, ತಲೆದೂಗಿದರು. ಅವರಲ್ಲಿ ಅರ್ಧ ಜನ ಅವಳ ಮದುವೆಯ ಊಟ ಉಂಡವರು.

ಪಾದ್ರಿಗಳು ಮಿಯಾದ ಬಗ್ಗೆ ಇನ್ನಷ್ಟು ಹೇಳಿ, ಪ್ರತಿಷ್ಠೆಯ ಕ್ರಮಕ್ಕೆ ಬಂದರು. ಹೊಸ ಹಿರಿಯನೂ ಅವನ ಹೆಂಡತಿಯೂ ಜೊತೆಯಾಗಿ ಮೇಜಿನ ಮುಂದೆ ಮೊಣಕಾಲೂರಿ ಬೈಬಲಿನ ಮೇಲೆ ಕೈಯಿಡುವುದು ಆ ಸಭೆಯ ರೂಢಿ. ಪಾದ್ರಿಗಳ ಬಾಯಿಗೆ ಅಭ್ಯಾಸವಾದ ಮಾತು ತಾನಾಗಿ ಬಂತು.

"ಹಿರಿಯರ ಧರ್ಮಪತ್ನಿ ಮುಂದೆ ಬರಬೇಕು."

ಸಲೋಮಿ ಎದ್ದು ನಿಂತಳು. ಮುಂದೆ ಹೋಗಲಿಲ್ಲ.

"ಅವರು ಗುಡ್ಡೆಯ ಸ್ಮಶಾನದಲ್ಲಿ ಇದ್ದಾರೆ, ಅಯ್ಯನವರೆ. ಗ್ರೀಕಲ್ಲಿ ಕರೆದು ನೋಡಿ, ಬಂದಾರು."

ಹಿಂದಿನ ಬೆಂಚಿನಲ್ಲಿ ಯಾರೋ ನಗುವನ್ನು ಕರವಸ್ತ್ರದಲ್ಲಿ ಅದುಮಿದರು. ಪಾದ್ರಿಗಳ ಕಿವಿ ಕೆಂಪಾಯಿತು.

"ಇದು ರೂಢಿ, ಅಮ್ಮಾ. ಸುಮ್ಮನೆ ಬಂದು ಮೊಣಕಾಲೂರಿ."

"ರೂಢಿ ಹೆಂಡತಿಗೆ. ನಾನು ಅಡಿಗೆಗೆ ಬಂದವಳು. ಈಗಷ್ಟೇ ಓದಿದ್ರಲ್ಲ?"

ಅವಳು ಎಲೀಶನನ್ನು ನೋಡಿದಳು. 'ಇವಳು ನನ್ನ ಹೆಂಡತಿ' ಎಂದು ಅವನು ಅಂದಿದ್ದರೆ ಸಾಕಿತ್ತು, ಮುಂದೆ ನಡೆದು ಪಕ್ಕದಲ್ಲಿ ಮೊಣಕಾಲೂರುತ್ತಿದ್ದಳು. ಅವನೋ, ಇನ್ನೊಂದು ಅರ್ಥ ಸಿಕ್ಕೀತೇ ಎಂದು ಪಾದ್ರಿಗಳ ಮುಖ ನೋಡಿದ. ಅವರು ಪುಟ ತಿರುವುತ್ತಿದ್ದರು. ಎಲೀಶ ಮೆಲ್ಲನೆ ಬಗ್ಗಿ, ಒಬ್ಬನೇ ಮೊಣಕಾಲೂರಿದ.

ಸಲೋಮಿ ಕರುಣಾಳ ಕೈ ಹಿಡಿದು ಹೊರಗೆ ಬಂದಳು. ರಸ್ತೆಯಾಚೆ ಸಂಪಾಜೆಯ ಮೇಲೆ ಹೋಗುವ ಮಡಿಕೇರಿಯ ಬಸ್ಸು ಜನ ತುಂಬಿಸಿಕೊಳ್ಳುತ್ತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತದ್ದೇ ತಡ, ಎಲೀಶ ಮೊಣಕಾಲಿನ ಧೂಳು ಕೊಡಹುತ್ತಾ ಓಡಿ ಬಂದ.

"ಮಗುವನ್ನು ಎಲ್ಲಿಗೆ ಕೊಂಡೋಗುದು ನೀನು?"

"ಸಂಪಾಜೆಗೆ. ಆರೈಕೆಗೆ ಅಂತ ತಂದದ್ದಲ್ವಾ ನನ್ನನ್ನು? ಆರೈಕೆ ಅಲ್ಲಿಯೂ ಆಗ್ತದೆ."

"ಇಳಿ ಮಾರಾಯ್ತಿ, ಸಭೆಯವರು ನೋಡ್ತಾ ಇದ್ದಾರೆ."

"ನೋಡ್ಲಿ. ನಾನು ನಿಮಗೆ ಎಂತ ಅಂತ ಅವರಿಗೆ ಕೇಳುವ ಹಾಗೆ ಹೇಳಿ. ಇಳೀತೇನೆ."

ಎಲೀಶ ಹಿಂದಕ್ಕೆ ತಿರುಗಿದ. ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಗಳು ನಿಂತಿದ್ದರು, ಸುತ್ತಲೂ ಸಭೆ. ಅವನು ಜುಬ್ಬಾದ ತುದಿ ಎಳೆದು ಸರಿಮಾಡಿಕೊಂಡ.

"ಇವ್ರು ಯಾರು ಅಕ್ಕಾ, ಹತ್ತುದಾ ಇಲ್ವಾ?" ಎಂದು ಕಂಡಕ್ಟರ್ ಕೇಳಿದ.

"ಸಭೆಯ ಹಿರಿಯರು," ಅಂದಳು ಸಲೋಮಿ. "ಅವರಿಗೆ ಇಲ್ಲಿ ಕೆಲಸ ಉಂಟು. ನೀವು ಬಿಡಿ."