ಹಾಜಿಯ ಅಂಗಿ ಪರೀಕ್ಷೆ

ಇದನ್ನು ಹೇಳಲು ನಾನು ತಕ್ಕವನಲ್ಲ. ಅದಕ್ಕಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸೈಕಲ್ ತುಳಿದವನು ನಾನಲ್ಲ, ಬಿದ್ದವನೂ ನಾನಲ್ಲ. ತಂಡದಲ್ಲಿ ಸವಾರರ ಕಾಲು ತಿಕ್ಕುವವನು ನಾನು. ಹಗಲೆಲ್ಲ ಬೇಕರಿಯ ಒಲೆಯ ಮುಂದೆ ದುಡಿದು, ಸಂಜೆ ತರಗತಿಯಲ್ಲಿ ಮೂಳೆ, ಸ್ನಾಯುಗಳ ಹೆಸರು ಕಲಿತವನು. ಅಲ್ಲಿನ ಮೇಷ್ಟ್ರು, “ಮುಟ್ಟಿ ನೋಡದೆ ಏನನ್ನೂ ಹೇಳಬೇಡಿ” ಎನ್ನುತ್ತಿದ್ದರು. ನಾನೀಗ ಹೇಳಹೊರಟಿರುವುದು ನನಗೆ ಮುಟ್ಟಲು ಬಿಡದಿದ್ದ ಒಂದು ಹೆಗಲಿನ ವಿಷಯ. ತಪ್ಪಿದ್ದರೆ ತಿದ್ದಿಕೊಳ್ಳಿ.

ಹಲವು ದಿನಗಳ ಸೈಕಲ್ ಸ್ಪರ್ಧೆಯಲ್ಲಿ, ಆ ದಿನದ ಗುರಿಯಾದ ಸೆತಿಫ್ ಊರು ಕಣ್ಣಿಗೆ ಕಾಣುವಷ್ಟರಲ್ಲಿ, ನಮ್ಮ ತಂಡದ ಅರೆಜ್ಕಿ ಬಿದ್ದ. ಮುಂದಿನವನ ಚಕ್ರಕ್ಕೆ ಇವನ ಚಕ್ರ ತಗುಲಿತು, ಅಷ್ಟೇ. ಎದ್ದ, ಹತ್ತಿದ, ಗುಂಪಿನ ಬಾಲ ಹಿಡಿದು ಗೆರೆ ದಾಟಿದ. ಆದರೆ ಬಲಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ದಾಟಿದ. ಅದು ನನಗೆ ಹಿಡಿಸಲಿಲ್ಲ.

ಒಟ್ಟು ಪಟ್ಟಿಯಲ್ಲಿ ಅವನು ಎರಡನೆಯವನು. ಮೊದಲನೆಯವನಿಗೂ ಅವನಿಗೂ ನಡುವೆ ಇದ್ದದ್ದು ಒಂದು ಸೀನು ಸೀನುವಷ್ಟು ಹೊತ್ತು. ಮಾರನೆಯ ದಿನ ಕೊನೆಯ ಓಟ, ಬೆಜಾಯಾದ ಸಮುದ್ರಕ್ಕೆ. ದಾರಿಯಲ್ಲಿ ಬರುವ ಘಾಟಿ ಅರೆಜ್ಕಿಯ ಊರಿನದೇ. ಚಿಕ್ಕಂದಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹತ್ತಿದ ಘಾಟಿ. ಮುಂದಿನ ವರ್ಷಕ್ಕೆ ಅವನನ್ನು ಕರೆದ ಕ್ಲಬ್ಬು ಯಾವುದೂ ಇರಲಿಲ್ಲ. ನಾಳೆ ಹೊರಟರೆ ಗೆಲ್ಲಬಹುದು. ಹೊರಡಲು ಬಿಡಬೇಕಾದವರು ಹಾಜಿ.

ಹಾಜಿ ಎಂದರೆ ಸ್ಪರ್ಧೆಯ ಡಾಕ್ಟರು. ಬಿದ್ದವರನ್ನು ಅವರು ಅಳೆಯುವ ರೀತಿ ಒಂದೇ. “ತನ್ನ ಅಂಗಿ ತಾನೇ ಬಿಚ್ಚಿದವನು ನಾಳೆ ಸೈಕಲ್ ಹತ್ತಲಿ. ಬಿಚ್ಚೋಕೆ ಇನ್ನೊಬ್ಬರ ಕೈ ಬೇಕಾದವನು ಬಸ್ಸು ಹತ್ತಲಿ.” ಅವರು ಬರುವ ಮೊದಲೇ ಅಂಗಿ ಬಿಚ್ಚಿದ್ದರೆ ಯಾರೋ ಬಿಚ್ಚಿಸಿದರೆಂದೇ ಲೆಕ್ಕ. ಹಾಗಾಗಿ ಬಿದ್ದವರು ಬೆವರು, ಧೂಳು, ರಕ್ತದ ಸಮೇತ ಅವರಿಗಾಗಿ ಕಾಯುತ್ತಾರೆ.

ನಮ್ಮ ತಂಡದ ಅಂಗಿಗೆ ಜಿಪ್ಪು ಎದೆಯವರೆಗೆ ಮಾತ್ರ. ತಲೆಯ ಮೇಲಿಂದಲೇ ತೆಗೆಯಬೇಕು. ಚೆನ್ನಾಗಿರುವ ಎರಡು ಕೈಗಳಿದ್ದರೂ ಬಿಸಿಲಿನ ಓಟದ ನಂತರ ಅದು ಕುರಿಯ ಚರ್ಮ ಸುಲಿಯುವ ಕೆಲಸ. ಒಳಗೆ ಹೆಗಲಪಟ್ಟಿಯ ಚಡ್ಡಿ, ಮೇಲೆ ಈ ಅಂಗಿ, ನಡುವೆ ಬೆವರಿನ ಗೋಂದು.

ಆ ಸಂಜೆ ನಾವು ತಂಗಿದ್ದ ಕೋಣೆಯಲ್ಲಿ ಅರೆಜ್ಕಿ ಮಂಚದ ಅಂಚಿನಲ್ಲಿ ಕೂತಿದ್ದ. ಅಂಗಿಯ ಮೇಲೆ ಉಪ್ಪು ಬಿಳಿ ಗೆರೆಯಾಗಿ ಒಣಗುತ್ತಿತ್ತು.

“ಬೆರಳು ಆಡಿಸು” ಎಂದೆ.

ಆಡಿಸಿದ.

“ಕೈ ಎತ್ತು.”

“ಹಾಜಿ ಬರಲಿ, ಅಬ್ದೆನ್ನೂರ್ ಅಣ್ಣ. ಒಂದೇ ಆಟ ಎರಡು ಸಲ ಯಾಕೆ ಆಡಿಸ್ತೀಯ?”

“ಒಂದು ಸಲ ಮುಟ್ಟಿ ನೋಡ್ತೀನಿ ಕಣೋ. ಅಂಗಿಯ ಮೇಲಿಂದಲೇ.”

“ಮುಟ್ಟಿದರೆ ನಿನ್ನ ಮುಖದಲ್ಲಿ ಗೊತ್ತಾಗಿಬಿಡುತ್ತೆ. ನಿನ್ನ ಮುಖ ಊರ ಬಾವಿ ಇದ್ದ ಹಾಗೆ. ಯಾರು ಬೇಕಾದರೂ ಬಗ್ಗಿ ನೋಡಬಹುದು.”

ಪಕ್ಕದ ಮಂಚದಲ್ಲಿದ್ದ ತೌಫಿಕ್ ನಕ್ಕ. ಅವನೂ ಸವಾರ, ಅರೆಜ್ಕಿಯ ಜೊತೆಗಾರ. ಬೆಳಿಗ್ಗೆ ಬಸ್ಸಿನಲ್ಲಿ ಇವರಿಬ್ಬರೇ ಒಬ್ಬರ ಬೆನ್ನಿಗೆ ಒಬ್ಬರು ನಂಬರು ಚುಚ್ಚಿಕೊಳ್ಳುವುದು. ಒಂದು ನಂಬರಿನ ಪೊಟ್ಟಣದಲ್ಲಿ ನಾಲ್ಕೇ ಪಿನ್ನು, ಮೂಲೆಗೊಂದು. ಹೊಸಬರು ಅಂಗಿಯ ಜೊತೆಗೆ ಒಳಗಿನ ಹೆಗಲಪಟ್ಟಿಯನ್ನೂ ಸೇರಿಸಿ ಚುಚ್ಚಿಬಿಡುತ್ತಾರೆ. ಸಂಜೆ ಅಂಗಿ ಬಿಚ್ಚಲಾಗದೆ ಒದ್ದಾಡುತ್ತಾರೆ, ಕೋಣೆಯೆಲ್ಲ ನಗುತ್ತದೆ. ಆದರೆ ತೌಫಿಕ್ ಹೊಸಬನಲ್ಲ.

“ಅಣ್ಣ, ಇವನಿಗೆ ಸ್ವಲ್ಪ ಶೋರ್ಬಾ ಸಾರು ತಂದುಕೊಡು. ಖಾಲಿ ಹೊಟ್ಟೆಯಲ್ಲಿ ಹಾಜಿಯ ಮುಖ ನೋಡಬಾರದು” ಎಂದ ತೌಫಿಕ್.

ನಾನು ಕೆಳಗಿನ ಅಡುಗೆಮನೆಗೆ ಹೋದೆ. ಬಟ್ಟಲು ಹಿಡಿದು ಮೆಟ್ಟಿಲು ಹತ್ತುವಾಗಲೂ ತಲೆಯಲ್ಲಿ ನಾಳೆಯ ಇಳಿಜಾರೇ ಇತ್ತು. ಘಾಟಿ ಹತ್ತಲು ಕಾಲು ಸಾಕು. ಇಳಿಯಲು ಎರಡು ಕೈಯೂ ಬೇಕು. ಕತ್ತಿನ ಕೆಳಗಿಂದ ಹೆಗಲಿಗೆ ಹೋಗುವ ತೆಳು ಮೂಳೆ ಮುರಿದಿದ್ದರೆ, ತಿರುವಿನಲ್ಲಿ ಬ್ರೇಕು ಒತ್ತುವಾಗ ಕೈ ಸೋತರೆ, ಕೆಳಗೆ ಬರಿಯ ಬಂಡೆ. ಹಾಜಿಗೆ ಹೇಳಿಬಿಡಲೇ? ಏನೆಂದು ಹೇಳಲಿ? ಮುಟ್ಟಿ ನೋಡಿಲ್ಲವಲ್ಲ! ಏನೂ ಆಗಿರದಿದ್ದರೆ ಅವನ ಕೊನೆಯ ಅವಕಾಶವನ್ನು ನನ್ನ ಹೆದರಿಕೆಯೇ ತಿಂದಂತಾಗುತ್ತದೆ.

ನಾನು ಬಂದಾಗ ಅರೆಜ್ಕಿ ಗೋಡೆಗೆ ಒರಗಿದ್ದ. ತೌಫಿಕ್ ಕಿಟಕಿಯ ಬಳಿ ನಿಂತಿದ್ದ. ಎಡಗೈಯಲ್ಲಿ ಶೋರ್ಬಾ ಕುಡಿದು ಅರೆಜ್ಕಿ, “ಉಪ್ಪು ನನ್ನ ಅಂಗಿಯಲ್ಲೇ ಜಾಸ್ತಿ ಇದೆ” ಎಂದ.

ಹಾಜಿ ಬಂದದ್ದು ಸೂರ್ಯಾಸ್ತದ ಮಗ್ರಿಬ್ ನಮಾಜು ಮುಗಿಸಿಕೊಂಡು. ಕುರ್ಚಿಯನ್ನು ಹಿಂದುಮುಂದಾಗಿ ಎಳೆದುಕೊಂಡು ಕೂತರು.

“ಏನಪ್ಪಾ, ಘಾಟಿಯ ಹುಲಿ ಇವತ್ತು ಮಣ್ಣು ನೆಕ್ಕಿತಂತೆ?”

“ರುಚಿ ನೋಡಿದೆ ಹಾಜಿ. ನಮ್ಮೂರ ಮಣ್ಣೇ ವಾಸಿ.”

“ಸರಿ, ಬಿಚ್ಚು. ಯಾರೂ ಬಾಯಿ ಹಾಕಬೇಡಿ. ಕಣ್ಸನ್ನೆಯೂ ಬೇಡ. ಅಬ್ದೆನ್ನೂರ್, ನಿನಗೇ ಹೇಳ್ತಿರೋದು.”

ಅರೆಜ್ಕಿ ಎದ್ದು ನಿಂತ. ಜಿಪ್ಪು ಎಳೆದ. ಬಲಮೊಣಕೈ ಪಕ್ಕೆಯಿಂದ ಕದಲಲಿಲ್ಲ. ಆ ಕೈಯ ಬೆರಳುಗಳಿಂದಷ್ಟೇ ಎಡತೋಳಿನ ಅಂಚನ್ನು ಹಿಡಿದು ಎಡಗೈಯನ್ನು ಒಳಗೆ ಎಳೆದುಕೊಂಡ. ಬಟ್ಟೆ ಚರ್ಮದಿಂದ ಚರ್ರೆಂದು ಬಿಟ್ಟಿತು. ಗಾಯವಿಲ್ಲದ ಕೈ ಮೊದಲು: ನಾನು ಹೇಳಬೇಕೆಂದಿದ್ದುದೂ ಅದನ್ನೇ. ನನ್ನ ಹಲ್ಲು ನನ್ನ ನಾಲಿಗೆಯನ್ನು ಕಚ್ಚಿ ಹಿಡಿದಿತ್ತು.

ಎಡಗೈ ಹೊರಬಂತು. ಅದನ್ನು ಹಿಂದಕ್ಕೆ ಹಾಕಿ, ಕತ್ತಿನ ಬಳಿ ಅಂಗಿ ಹಿಡಿದು, ಮೇಲಕ್ಕೆ ಎಳೆದ. ಅಂಗಿ ತಲೆಯನ್ನು ಮುಚ್ಚಿತು. ಅಲ್ಲಿಗೆ ನಿಂತಿತು.

ಮತ್ತೆ ಎಳೆದ. ಬರಲಿಲ್ಲ.

ಅವನ ಮುಖ ಬಟ್ಟೆಯೊಳಗಿತ್ತು. ಬಾಯಿ ಇದ್ದ ಕಡೆ ಒದ್ದೆ ಬಟ್ಟೆ ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು. ಹಾಜಿ ಕುರ್ಚಿಯ ಬೆನ್ನಿಗೆ ಗಲ್ಲ ಊರಿ ನೋಡುತ್ತಿದ್ದರು. ಮೂರನೆಯ ಸಲ ಎಳೆದಾಗ ಒಳಗಿನಿಂದ ನರಳಿಕೆ ಕೇಳಿಸಿತು. ಹಾಜಿ ಕುರ್ಚಿ ಬಿಟ್ಟು ಎದ್ದರು. ಮುಗಿಯಿತು, ಬಸ್ಸು, ಎಂದುಕೊಂಡೆ.

ಹಾಜಿ ಅವನ ಹಿಂದೆ ಹೋಗಿ ಬಗ್ಗಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಯಾವ ಕತ್ತೆ ಇವನನ್ನು ಇವನ ಚಡ್ಡಿಗೇ ಚುಚ್ಚಿದ್ದು?”

ನಂಬರಿನ ಕೆಳಗೆ ಒಂದು ಪಿನ್ನು ಅಂಗಿಯನ್ನೂ ಹೆಗಲಪಟ್ಟಿಯನ್ನೂ ಸೇರಿಸಿ ಕಚ್ಚಿಕೊಂಡಿತ್ತು.

“ತಾಯಾಣೆಗೂ ಬೆಳಿಗ್ಗೆ ಕಣ್ಣಿನ ತುಂಬ ನಿದ್ದೆ, ಹಾಜಿ” ಎಂದ ತೌಫಿಕ್.

“ಪಿನ್ನು ಕತ್ತೆಯ ತಪ್ಪು, ಹೆಗಲಿನದಲ್ಲ. ತೆಗಿ, ಅಬ್ದೆನ್ನೂರ್. ಪಿನ್ನು ಮಾತ್ರ.”

ನಾನು ಮಂಡಿಯೂರಿದೆ. ಪಟ್ಟಿ ತಂತಿಯಂತೆ ಬಿಗಿದಿತ್ತು. ಅರೆಜ್ಕಿ ಮೇಲಿನಿಂದ ಎಳೆಯುತ್ತಲೇ ಇದ್ದ. ಒಂದು ಕೈಯಲ್ಲಿ ಪಟ್ಟಿ, ಅಂಗಿ ಎರಡನ್ನೂ ಹಿಡಿದುಕೊಂಡು ಪಿನ್ನು ಬಿಡಿಸಿ, ಯಾರಿಗಾದರೂ ಚುಚ್ಚೀತೆಂದು ಮುಚ್ಚಿ, ಹಿಡಿತ ಬಿಟ್ಟೆ. ಆ ಕ್ಷಣಕ್ಕೇ ಪಟ್ಟಿ ಬೆನ್ನಿಗೆ ಫಟ್ಟನೆ ಹೊಡೆಯಿತು, ಅಂಗಿ ತಾನಾಗಿ ಹಾರಿದಂತೆ ತಲೆ ದಾಟಿ ಬಲಹೆಗಲಿಗೆ ಜಗ್ಗಿತು. ಅರೆಜ್ಕಿ ಕೂಗಿದ. ಅಂಗಿ ಬಲತೋಳಿನ ಉದ್ದಕ್ಕೆ ಜಾರಿ ನೆಲಕ್ಕೆ ಬಿತ್ತು.

“ಯಾಕೋ ಕೂಗಿದೆ?” ಎಂದರು ಹಾಜಿ.

“ಪಿನ್ನು ಚುಚ್ಚಿತು ಹಾಜಿ.”

ಮುಚ್ಚಿದ ಪಿನ್ನು ನನ್ನ ಮುಷ್ಟಿಯಲ್ಲಿತ್ತು. ಅರೆಜ್ಕಿ ನನ್ನನ್ನು ನೋಡಿದ. ಅವನ ಮುಖದ ಬೆವರು ಬೇರೆ ಬಗೆಯದಾಗಿತ್ತು, ತಣ್ಣನೆಯದು. ನಾನು ಎದ್ದು ನಿಂತು ಕೈ ಚಾಚಿ ಮುಷ್ಟಿ ಬಿಚ್ಚಿದೆ.

“ಹಾಜಿ, ಪಿನ್ನನ್ನು ನಾನು ಆಗಲೇ ಮುಚ್ಚಿದ್ದೆ, ಅದು ಚುಚ್ಚಿಲ್ಲ. ನಾನು ಒಂದು ಸಲ ಮುಟ್ಟಿ ನೋಡಲಾ?”

ಹಾಜಿ ನನ್ನ ಅಂಗೈ ನೋಡಿದರು. ನೆಲದ ಮೇಲಿದ್ದ ಅಂಗಿ ನೋಡಿದರು. ಅದನ್ನು ಎತ್ತಿ, ನಂಬರಿನ ಮೂಲೆಗಳ ಮೇಲೆ ಹೆಬ್ಬೆರಳು ಆಡಿಸಿದರು. ನಾಲ್ಕು ಮೂಲೆಯಲ್ಲೂ ಪಿನ್ನು ಇತ್ತು. ಅದು ನನಗೂ ಆಗಲೇ ಕಂಡದ್ದು. ನನ್ನ ಅಂಗೈಯಲ್ಲಿದ್ದದ್ದು ಐದನೆಯದು; ಅಂಗಿ ಸಿಕ್ಕಿಕೊಂಡರೆ ತಪ್ಪನ್ನು ಹೆಗಲಿನ ಬದಲು ಪಿನ್ನಿನ ಮೇಲೆ ಹಾಕಲು ಯಾರೋ ಬೇಕೆಂದೇ ಚುಚ್ಚಿರಬಹುದು.

“ಅಂಗಿ ಬಿದ್ದಾಯಿತು” ಎಂದರು ಹಾಜಿ. “ನಾನು ಮಾಡಿದ ಕಟ್ಟಳೆಯನ್ನು ನಾನೇ ಮುರಿದರೆ ನಾಳೆಯಿಂದ ಯಾರು ಕೇಳ್ತಾರೆ? ಹೊರಡಲಿ. ನೀನು ಬೇಕಾದರೆ ಹೆಗಲಿಗೆ ಬಟ್ಟೆಪಟ್ಟಿ ಸುತ್ತು. ಬಿಗಿಯಾಗಿ.”

ಅವರು ಹೋದ ಮೇಲೆ ಸುತ್ತಿದೆ. ಅರೆಜ್ಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ. ಹೆಗಲು ಊದಿತ್ತು. ಬೆರಳಿಟ್ಟಾಗ ಬೆಂಕಿ ಮುಟ್ಟಿದಂತೆ ಹಿಂದೆ ಸರಿದ. ಅದಕ್ಕಿಂತ ಹೆಚ್ಚು ಮುಟ್ಟಗೊಡಲಿಲ್ಲ.

“ಇಳಿಜಾರಿನಲ್ಲಿ ನಿಧಾನ. ಅಷ್ಟು ಮಾತು ಕೊಡು” ಎಂದೆ.

“ಹತ್ತೋದಕ್ಕೆ ಬಿಟ್ಟರೆ ಸಾಕು ಅಣ್ಣ” ಎಂದ ಕೊನೆಗೆ.

ಮಾರನೆಯ ದಿನ ಅವನು ಹತ್ತಿದ. ಊರಿನವರು ತಗಡಿನ ಡಬ್ಬ ಬಡಿಯುತ್ತಿದ್ದಾಗ ಘಾಟಿಯ ತುದಿಯನ್ನು ಒಬ್ಬನೇ ದಾಟಿದ. ನಾನು ತಂಡದ ಕಾರಿನಲ್ಲಿ ಹಿಂದೆ ಇದ್ದೆ. ಇಳಿಜಾರು ಶುರುವಾದ ಕೂಡಲೇ ಅವನ ಬಲಗೈ ಹ್ಯಾಂಡಲ್ ಬಿಟ್ಟು ಪಕ್ಕೆಗೆ ಅಂಟಿತು. ಎಡಗೈಯೊಂದರಲ್ಲೇ ಬ್ರೇಕು ಒತ್ತುತ್ತಾ, ಮುದುಕನಂತೆ ಇಳಿದ. ಮೊದಲು ಇಬ್ಬರು, ಆಮೇಲೆ ಇಡೀ ಗುಂಪು ಅವನನ್ನು ದಾಟಿಹೋಯಿತು. ಪ್ರತಿ ತಿರುವಿನಲ್ಲೂ ನಾನು ಕಾರಿನ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೆ. ಬೆಜಾಯಾ ತಲುಪಿದ. ಗೆಲ್ಲಲಿಲ್ಲ.

ಎಕ್ಸ್‌ರೇಯಲ್ಲಿ ಅದೇ ತೆಳು ಮೂಳೆಯ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ಹಾಜಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಐದನೆಯ ಪಿನ್ನು ಯಾರದು?” ಎಂದರು, ತಿರುಗದೆಯೇ.

“ದೇವರು ಕೊಟ್ಟದ್ದು ಹಾಜಿ” ಎಂದ ತೌಫಿಕ್.

“ದೇವರ ಪೊಟ್ಟಣದಲ್ಲೂ ನಾಲ್ಕೇ ಇರುತ್ತೆ ಮಗನೇ.”

ಅರೆಜ್ಕಿ ನಗಲು ಹೋಗಿ ಹೆಗಲು ಹಿಡಿದುಕೊಂಡ.

ಆ ಪಿನ್ನನ್ನು ಯಾರು ಚುಚ್ಚಿದರು, ಬೆಳಿಗ್ಗೆ ನಿದ್ದೆಗಣ್ಣಿನಲ್ಲೋ ಅಥವಾ ನಾನು ಶೋರ್ಬಾ ತರಲು ಕೆಳಗಿಳಿದಾಗಲೋ, ನಾನು ಕೇಳಿದ್ದೇನೆ. ಇಬ್ಬರೂ ಹೇಳಿಲ್ಲ. ಮೂಳೆ ಬಿರುಕು ಬಿಟ್ಟದ್ದು ಬಿದ್ದಾಗಲೋ, ಅಂಗಿ ಜಗ್ಗಿದಾಗಲೋ, ಘಾಟಿ ಹತ್ತುವಾಗಲೋ ಎಂಬುದೂ ನನಗೆ ಗೊತ್ತಿಲ್ಲ.