ಟಾಪ್ ಒಂದೇ ಸಾಕು

ಬಸ್ಸಿನವರಿಗೆಲ್ಲ ಒಂದೇ ರೋಗ. ಗಾಜು ಫಳಫಳ ಅನ್ನಬೇಕು, ಬಂಪರಿನಲ್ಲಿ ಮುಖ ಕಾಣಬೇಕು, ಟಾಪ್ ಮಾತ್ರ ತೊಳೆಸುವುದು ಬೇಡ. “ಅದನ್ಯಾರು ನೋಡ್ತಾರೆ ಬಿಡಮ್ಮ” ಅನ್ನುತ್ತಾರೆ. ಹಕ್ಕಿಗಳು ನೋಡುತ್ತವೆ, ನೋಡಿ ಮಾಡಬೇಕಾದ್ದನ್ನು ಮಾಡಿ ಹೋಗುತ್ತವೆ. ಅರಸೀಕೆರೆಯಲ್ಲಿ ಹಾಸನದ ರಸ್ತೆಗೆ ನನ್ನದೊಂದು ವಾಟರ್ ಸರ್ವಿಸ್ ಇದೆ. ಎತ್ತರದ ಗಾಡಿಗಳ ನೆತ್ತಿ ಹತ್ತಿ, ತೊಳೆದು ಪಾಲಿಶ್ ಹಾಕುವವಳು ಈ ಊರಲ್ಲಿ ನಾನೊಬ್ಬಳೇ. ಬೇರೆಯವರ ಹತ್ತಿರ ಅಷ್ಟುದ್ದದ ಏಣಿಯೂ ಇಲ್ಲ, ಹತ್ತುವ ಎದೆಯೂ ಇಲ್ಲ. ಹೆಂಗಸೊಬ್ಬಳು ಬಸ್ಸಿನ ಮೇಲೆ ನಿಂತಿದ್ದಾಳೆ ಎಂದು ಮೊದಮೊದಲು ರಸ್ತೆಯವರು ಕತ್ತೆತ್ತಿ ಹಲ್ಲು ಕಿರಿಯುತ್ತಿದ್ದರು. ಒಂದು ಸಲ ನೀರಿನ ಗನ್ ಅವರ ಕಡೆ ತಿರುಗಿಸಿದೆ. ಈಗ ತಮ್ಮ ಪಾಡಿಗೆ ತಾವು ಹೋಗುತ್ತಾರೆ.

ಆ ವಾರ ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ಕಾರಣ ನನ್ನ ತಮ್ಮ ರಘು. ಅವನು ತೆಂಗಿನ ಸಿಪ್ಪೆಯ ಲಾರಿ ಓಡಿಸುತ್ತಾನೆ, ಸ್ವಂತದ್ದು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಕಾಲೋನಿಯ ಕಮಾನು ಬಿತ್ತು. ಬುದ್ಧವಿಹಾರದ ದಾರಿಗೆ ಮನೆಮನೆಯವರೂ ಕೈಹಾಕಿ ನಿಲ್ಲಿಸಿದ ಕಬ್ಬಿಣದ ಕಮಾನು ಅದು. ತಗಡಿಗೆ ನೀಲಿ ಬಣ್ಣ, ನಡುವೆ ಧಮ್ಮಚಕ್ರ. ಸದ್ದು ಕೇಳಿ ನಾವೆಲ್ಲ ಹೊರಗೆ ಓಡಿ ಬರುವಷ್ಟರಲ್ಲಿ ಬೀಳಿಸಿದ ಗಾಡಿ ಮಾಯ. ಕಮಾನು ಸೊಟ್ಟಗೆ ಬಿದ್ದಿತ್ತು, ಚಕ್ರ ಚರಂಡಿ ಸೇರಿತ್ತು, ಸುತ್ತ ನೆಲದ ಮೇಲೆ ತೆಂಗಿನ ನಾರು ಉದುರಿತ್ತು. ರಘು ಸ್ವಲ್ಪ ಮುಂಚೆ ಲೋಡು ಹೊತ್ತುಕೊಂಡು ಅದೇ ದಾರಿಯಲ್ಲಿ ಹೋಗಿದ್ದ. ಜನಕ್ಕೆ ಇನ್ನೇನು ಬೇಕು?

ಸಂಜೆ ಅವನು ವಾಪಸು ಬಂದಾಗ ಇಡೀ ಕಾಲೋನಿ ಅಲ್ಲೇ ಕಾದು ನಿಂತಿತ್ತು.

“ಸಿಪ್ಪೆ ತಾಗಿದ್ರೆ ಸಿಪ್ಪೆ ಉದುರ್ತದೆ, ಕಬ್ಬಿಣ ಬೀಳ್ತದಾ?” ಎಂದ ರಘು. “ದಿನಾ ಇಲ್ಲೇ ಹೋಯ್ತೀನಿ, ದಿನಾ ನಾರು ಉದುರ್ತದೆ. ನಾನು ಬೀಳ್ಸಿಲ್ಲ.”

ಆಗ ಚನ್ನೇಶ ಜನರ ಮಧ್ಯದಿಂದ ನುಗ್ಗಿ ಬಂದ. ನಮ್ಮ ಬೀದಿಯವನೇ, ದೇವೀರಪ್ಪನವರ ಟೂರಿಸ್ಟ್ ಬಸ್ಸಿನ ಡ್ರೈವರ್. ಬೇಲೂರು, ಹಳೇಬೀಡು ನೋಡುವವರನ್ನು ಕರೆದುಕೊಂಡು ಹೋಗುವುದು ಅವನ ಕೆಲಸ. “ಬುದ್ಧನ ಬಾಗ್ಲು ಕೆಡವಿ ಸುಳ್ಳು ಬೇರೆ ಬೊಗಳ್ತೀಯೇನ್ಲಾ” ಎಂದವನೇ ರಘುವಿನ ಕೆನ್ನೆಗೆ ಬಾರಿಸಿದ. ಒಬ್ಬರೂ ಅಡ್ಡ ಬರಲಿಲ್ಲ. ವಿಹಾರದ ಹಿರಿಯರು ಹುಚ್ಚಣ್ಣ ಮಾವ, ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ತಪ್ಪು ಒಪ್ಪಿಕೊಳ್ಳುವವರೆಗೆ ಲಾರಿಯ ಕೀ ತಮ್ಮ ಹತ್ತಿರ ಇರಲಿ ಎಂದರು. ರಘು ಕೊಡಲಿಲ್ಲ. ನಾನೇ ಅವನ ಜೇಬಿಗೆ ಕೈಹಾಕಿ ಕೀ ಕಿತ್ತುಕೊಂಡು ಮಾವನ ಕೈಯಲ್ಲಿಟ್ಟೆ. “ಮಾಡಿದ ಮೇಲೆ ಒಪ್ಕೊಳ್ಳಕ್ಕೇನೋ ದಾಡಿ ನಿಂಗೆ” ಎಂದೆ, ಎಲ್ಲರಿಗೂ ಕೇಳುವಂತೆ.

ಅಂದಿನಿಂದ ರಘು ನಿಂತ ಲಾರಿಯೊಳಗೆ ಹೋಗಿ ಕೂತುಬಿಡುತ್ತಿದ್ದ. ನನ್ನ ಹತ್ತಿರ ಮಾತಿಲ್ಲ. ಸಿಪ್ಪೆ ಮಂಡಿಯವರು ಬೇರೆ ಲಾರಿ ಗೊತ್ತು ಮಾಡಿಕೊಂಡರು. ಒಪ್ಪಿಕೊಂಡರೆ ಕೀ, ಇಲ್ಲದಿದ್ದರೆ ಹೀಗೇ ಕೊಳೆಯಬೇಕು. ಅವನು ಒಪ್ಪಲೊಲ್ಲ. ಹಠ ನೋಡು ಕತ್ತೆಯದು, ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಉರಿಯಲ್ಲಿ ನಾನಿದ್ದಾಗ ಒಂದು ಬೆಳಿಗ್ಗೆ ಚನ್ನೇಶ ಬಸ್ಸು ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದ.

“ಮಂಜಕ್ಕ, ಏಣಿ ಕೊಡು. ಉಜ್ಜೋ ಕಾಂಪೌಂಡ್ ಒಂದು ಡಬ್ಬಿ ಕೊಡು. ಟಾಪ್ ಒಂದೇ ಸಾಕು, ನಾನೇ ಹತ್ತಿ ಉಜ್ಕೊತೀನಿ.”

ನಾನು ಅವನ ಮುಖ ನೋಡಿದೆ. ಈ ಮಹಾನುಭಾವ ಒಂದು ದಿನ ತನ್ನ ಮುಂದಿನ ಕನ್ನಡಿ ಒರೆಸಿಕೊಂಡವನಲ್ಲ. ಅದೂ ಹೋಗಲಿ, ಟಾಪ್ ಒಂದನ್ನೇ ಯಾರಾದರೂ ತೊಳೆಸುತ್ತಾರೆಯೇ? ಮೇಲಿನ ಕೊಳೆಯೆಲ್ಲ ಪಕ್ಕಕ್ಕೆ ಇಳಿಯುತ್ತದೆ. ನೆತ್ತಿ ತೊಳೆದ ಮೇಲೆ ಮೈಯನ್ನೂ ತೊಳೆಯಲೇಬೇಕು. ಎಮ್ಮೆ ತೊಳೆದವರಿಗೂ ಇದು ಗೊತ್ತು.

“ಮೈ ಬೇಡ್ವಾ?” ಎಂದೆ.

“ಬೇಡ.”

“ಕೊಳೆ ಇಳಿದು ಬಸ್ಸೆಲ್ಲ ಪಟ್ಟೆ ಪಟ್ಟೆ ಆಯ್ತದೆ. ದೇವೀರಪ್ಪೋರು ಉಗೀತಾರೆ ನಿಂಗೆ.”

“ಅದು ನನ್ ತಲೆನೋವು. ಏಣಿ ಕೊಡ್ತೀಯೋ ಇಲ್ವೋ?”

“ನನ್ನ ಏಣಿ ಮೇಲೆ ನನ್ನ ಕಾಲು ಬಿಟ್ರೆ ಇನ್ಯಾರ ಕಾಲೂ ಇಡಲ್ಲ. ಸರಿ ಅತ್ಲಾಗೆ.”

ಅವನು ಏಣಿಗೆ ಕೈಹಾಕಿದ. ನಾನು ಎಳೆದುಕೊಂಡೆ. ಅವನು ಬೈದ, ನಾನು ಅವನ ವಂಶವನ್ನೆಲ್ಲ ಸೇರಿಸಿ ಬೈದೆ. ಆ ವಿದ್ಯೆಯಲ್ಲಿ ನನ್ನನ್ನು ಗೆದ್ದವರು ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಮೋಟಾರು ಹಾಕಿ, ಸೀರೆ ಎತ್ತಿ ಕಟ್ಟಿ, ಗನ್ ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಹತ್ತಿದೆ. ಚಪ್ಪಲಿ ಹಾಕಿ ಬಸ್ಸಿನ ನೆತ್ತಿಗೆ ಹೋದರೆ ನೇರ ಆಸ್ಪತ್ರೆಗೇ ಇಳಿಯುವುದು.

ಮೇಲೆ ನೋಡಿದರೆ ಮುಂಭಾಗಕ್ಕೆಲ್ಲ ಕೆಸರು ಮೆತ್ತಿತ್ತು. ಮಳೆ ಕಂಡು ಎಷ್ಟು ಕಾಲವಾಯಿತು. ಚಕ್ರಕ್ಕಿಲ್ಲದ ಕೆಸರು ನೆತ್ತಿಗೆ ಎಲ್ಲಿಂದ ಬಂತು? ಬಗ್ಗಿ ನೋಡಿದೆ, ಬೆರಳಿನ ಗುರುತುಗಳು. ಯಾರೋ ಕೈಯಾರೆ ಸವರಿದ್ದರು. ನೀರು ಬಿಟ್ಟೆ. ಕೆಸರು ಕರಗಿ ಇಳಿಯಿತು, ಬಿಳಿಯ ತಗಡು ಕಂಡಿತು, ಒಂದು ತಗ್ಗು ಕಂಡಿತು, ಆ ತಗ್ಗಿನಿಂದ ಹಿಂದಕ್ಕೆ ಉದ್ದುದ್ದ ಎಳೆದ ನೀಲಿ ಗೆರೆಗಳು ಕಂಡವು. ನಮ್ಮ ನೀಲಿ. ಆ ಬಣ್ಣ ಆರಿಸಿದವಳು ನಾನು, ಬ್ರಷ್ ಹಿಡಿದವಳೂ ನಾನು. ಗೆರೆಗಳು ಎ.ಸಿ. ಪೆಟ್ಟಿಗೆಯವರೆಗೂ ಹೋಗಿದ್ದವು. ಪೆಟ್ಟಿಗೆಯ ಮೂಲೆಯಲ್ಲಿ ನೀಲಿ ತಗಡಿನ ಚೂರೊಂದು ಸಿಕ್ಕಿಕೊಂಡಿತ್ತು. ದೇವೀರಪ್ಪನವರು ಆ ಪೆಟ್ಟಿಗೆ ಕೂರಿಸಿದ್ದು ಈಚೆಗೆ. ಬಸ್ಸು ಎತ್ತರವಾಗಿದೆ ಅನ್ನುವುದು ಡ್ರೈವರನ ತಲೆಯಲ್ಲಿ ಉಳಿದಿರಲಿಲ್ಲ; ಪೆಟ್ಟಿಗೆಗೆ ಸಿಕ್ಕಿದ ಕಮಾನು ಟಾಪಿನ ಮೇಲೆ ಬಿದ್ದು ಎಳೆದಿತ್ತು.

ಕೆಳಗೆ ತಿರುಗಿ ನೋಡಿದರೆ ಏಣಿ ಇಲ್ಲ. ಚನ್ನೇಶ ಅದನ್ನು ತೆಗೆದು ನೆಲಕ್ಕೆ ಮಲಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಉಜ್ಜು ಮಂಜಕ್ಕ. ನೀಲಿ ಹೋಗೋವರ್ಗೂ ಉಜ್ಜು. ಆಮೇಲೆ ಏಣಿ.”

“ನನ್ ತಮ್ಮಂಗೆ ಹೊಡೆದ ಕೈ ಯಾವುದ್ಲಾ?”

ಉತ್ತರಕ್ಕೆ ಕಾಯಲಿಲ್ಲ. ಗನ್ ಅವನ ಎದೆಗೆ ಹಿಡಿದೆ. ಲಾರಿಯ ಮಣ್ಣು ಕೀಳುವ ನೀರು ಅದು. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕೊಚ್ಚೆಯಲ್ಲಿ ಕುಕ್ಕರಿಸಿದ. ಎದ್ದು ಓಡಿ ಮೋಟಾರು ಆರಿಸಿದ. ಮೈಯಿಂದ ನೀರು ಸುರಿಸಿಕೊಂಡು ಬಂದು ನಿಂತಾಗ ಅವನ ದನಿ ಇಳಿದಿತ್ತು.

“ಊಟದ ಡಬ್ಬಿ ಮರ್ತಿದ್ದೆ. ತಗೊಂಡ್ ಹೋಗಕ್ಕೆ ಬಸ್ಸಲ್ಲೇ ಬಂದೆ, ತಾಗ್ಬಿಡ್ತು, ರಿವರ್ಸ್ ಹೊಡ್ಕೊಂಡ್ ಹೋದೆ. ಬಸ್ಸು ಮನೆ ಕಡೆ ತಗೊಂಡ್ ಹೋಗ್ಬೇಡ ಅಂತ ಸಾವುಕಾರ್ರು ಹೇಳಿದ್ರು. ಎ.ಸಿ. ಸೋರ್ತಾ ಐತೆ, ನಾಳೆ ಮೆಕ್ಯಾನಿಕ್ ಹತ್ತುತಾನೆ. ನೋಡಿದ್ರೆ ನನ್ ಕೆಲಸ ಹೋಯ್ತದೆ. ರಘುಗೇನು, ಸ್ವಂತ ಲಾರಿ. ಒಂದ್ ಮಾತು ಒಪ್ಕೊಂಡ್ರೆ ಮುಗೀತು.”

“ಅಷ್ಟಿದ್ರೆ ಸುಮ್ನೆ ಇರ್ಬೇಕಿತ್ತು. ಹೊಡೆದದ್ದು ಯಾಕೆ?”

ಅವನು ನೆಲ ನೋಡಿದ. “ಎಲ್ರೂ ಅವನ ಕಡೆನೇ ನೋಡ್ತಿದ್ರು. ಹಂಗೇ ನೋಡ್ತಿರ್ಲಿ ಅಂತ.”

ಥೂ ಎಂದು ಅಲ್ಲಿಂದಲೇ ಉಗಿದೆ. ಸೊಂಟದ ಚೀಲದಲ್ಲಿದ್ದ ಫೋನು ತೆಗೆದು ಹುಚ್ಚಣ್ಣ ಮಾವನಿಗೆ ಮಾಡಿದೆ. “ಮಾವ, ರಘುನ ಲಾರಿ ಕೀ ತಗೊಂಡು ಈಗಿಂದೀಗ್ಲೇ ನನ್ನ ಶೆಡ್ಡಿಗೆ ಬನ್ನಿ. ನಾಕು ಜನಾನೂ ಕರ್ಕೊಂಡು ಬನ್ನಿ” ಎಂದೆ. ನನ್ನನ್ನು ನೆತ್ತಿಯ ಮೇಲಿಟ್ಟುಕೊಂಡು ಬಸ್ಸು ಓಡಿಸುವ ಧೈರ್ಯ ಚನ್ನೇಶನಿಗೆ ಬರಲಿಲ್ಲ. ಅವರು ಬರುವವರೆಗೆ ತಗಡು ಕಾದು ಅಂಗಾಲು ಸುಡುತ್ತಿತ್ತು. ಕಾಲು ಬದಲಿಸುತ್ತಾ ನಿಂತೆ, ಕೂರಲಿಲ್ಲ.

ಮಾವ ಬೈಕಿನ ಹಿಂದೆ ಕೂತು ಬಂದರು, ಜೊತೆಗೆ ಕಾಲೋನಿಯ ಕೆಲವರು. ಏಣಿ ಇಡಿಸಿ, ಪಂಚೆ ಎತ್ತಿ ಕಟ್ಟಿ ಆ ವಯಸ್ಸಿನಲ್ಲೂ ತಾವೇ ಹತ್ತಿದರು. ಗೆರೆ ನೋಡಿದರು, ತಗಡಿನ ಚೂರು ಕಿತ್ತು ಅಂಗೈಯಲ್ಲಿಟ್ಟುಕೊಂಡರು. ಆಮೇಲೆ ಮೆಲ್ಲಗೆ, “ಇವನೂ ನಮ್ ಹುಡುಗನೇ ಕಣಮ್ಮ” ಎಂದರು. “ಕೆಲಸ ಕಳ್ಕೊಂಡ್ರೆ ಹೆಂಡ್ತಿ ಮಕ್ಳು ಬೀದಿಗೆ ಬೀಳ್ತವೆ. ಉಜ್ಜಿಬಿಡು. ರಘುನ ಇಲ್ಲಿಗೇ ಕರೆಸಿ ಇವನ ಕೈಲಿ ತಪ್ಪಾಯ್ತು ಅನ್ನಿಸಿಬಿಡಾನ. ನಾವ್ನಾವೇ ಮುಗಿಸ್ಕೊಳ್ಳಾನ.”

“ಹೊಡೆದದ್ದು ಬೀದೀಲಿ, ತಪ್ಪಾಯ್ತು ಅನ್ನೋದು ನನ್ನ ಶೆಡ್ಡಲ್ಲಾ?” ಎಂದೆ. “ದೊಡ್ಡೋರು ಅಂತ ನಾಲಿಗೆ ಹಿಡ್ಕೊಂಡಿದೀನಿ ಮಾವ. ಈ ನೀಲಿಗೆ ನನ್ನ ಬಟ್ಟೆ ತಾಗಲ್ಲ. ಬಸ್ಸು ಹಿಂಗೇ ಕಮಾನಿನ ಹತ್ರ ಬಂದು ನಿಲ್ಬೇಕು. ಅವತ್ತು ಯಾರ್ಯಾರು ನಿಂತು ನೋಡಿದ್ರೋ ಅವ್ರೆಲ್ಲ ಹತ್ತಿ ನೋಡ್ಲಿ. ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ. ಈಗ ಕೀ ಕೊಡಿ.”

ಮಾವ ಕೀ ಕೊಟ್ಟರು. ಚನ್ನೇಶ ಗೊಣಗಿದ. ಜೊತೆಯಲ್ಲಿ ಬಂದವರಲ್ಲಿ ಇಬ್ಬರು ಅವನ ಅಕ್ಕಪಕ್ಕ ನಿಂತ ಮೇಲೆ ಬಸ್ಸು ಹತ್ತಿದ. ಮೈತುಂಬ ಕೊಳೆಯ ಪಟ್ಟೆ ಇಳಿದ ಆ ಬಸ್ಸು ಬಿದ್ದ ಕಮಾನಿನ ಮುಂದೆ ಬಂದು ನಿಂತಿತು. ಏಣಿ ಚಾಚಿದೆ. ಒಬ್ಬೊಬ್ಬರೇ ಹತ್ತಿದರು, ನೋಡಿದರು, ಇಳಿದು ಪಕ್ಕಕ್ಕೆ ಹೋಗಿ ನಿಂತರು. ಚನ್ನೇಶ ತಪ್ಪಾಯ್ತು ಎಂದ. ಕೇಳಿಸಲಿಲ್ಲ ಎಂದೆ. ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದ. ಆದರೆ ಕೇಳಬೇಕಾದವನು ಬಂದಿರಲಿಲ್ಲ.

ರಘು ಬೀದಿಯ ಕೊನೆಯಲ್ಲಿ ಲಾರಿಯ ಸೀಟಿನಲ್ಲೇ ಕೂತಿದ್ದ. ಅಲ್ಲಿಂದ ಬಸ್ಸೂ ಕಾಣುತ್ತಿತ್ತು, ಏಣಿಯೂ ಕಾಣುತ್ತಿತ್ತು. ನಾನು ಒದ್ದೆ ಸೀರೆಯಲ್ಲೇ ಹೆಚ್ಚು ಕಡಿಮೆ ಓಡಿಕೊಂಡು ಹೋದೆ. ಗೆದ್ದು ಬಂದ ಹುಮ್ಮಸ್ಸು ನನಗೆ.

“ಇಳಿಯೋ. ಚನ್ನೇಶ ಕಣೋ ಬೀಳ್ಸಿದ್ದು. ಬಸ್ ಟಾಪಲ್ಲಿ ನಮ್ಮ ಕಮಾನಿನ ಬಣ್ಣ ಐತೆ. ನಾನೇ ತೊಳೆದು ಹಿಡಿದೆ.”

ಅವನು ಕೈ ಚಾಚಿ ಕೀ ತೆಗೆದುಕೊಂಡ.

“ನಾನು ಬೀಳ್ಸಿಲ್ಲ ಅಂತ ಅವತ್ತೇ ಹೇಳಿದ್ನಲ್ಲಕ್ಕ.”

“ಹೇಳ್ದೆ. ಈಗ ಎಲ್ರಿಗೂ ಗೊತ್ತಾಯ್ತಲ್ಲ.”

“ಟಾಪಲ್ಲಿ ಬಣ್ಣ ಇಲ್ದೆ ಹೋಗಿದ್ರೆ?”

ಅವನು ಇಂಜಿನ್ ಸ್ಟಾರ್ಟ್ ಮಾಡಿದ. ನಾನು ಬಾಗಿಲು ಹಿಡಿದುಕೊಂಡೆ. ಮುದ್ದೆ ಮಾಡಿಟ್ಟಿದೀನಿ, ಉಂಡ್ಕೊಂಡು ಹೋಗು ಎಂದೆ.

“ದಾರೀಲಿ, ಹಾರನಹಳ್ಳೀಲಿ ಉಣ್ತೀನಿ” ಎಂದು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಬಾಗಿಲು ಹಾಕಿಕೊಂಡ.